ಕಕ್ಷೆಯ ಕಾವಲು

ಭೂಸ್ಥಿರ ಉಪಗ್ರಹ ತಾನಾಗಿ ಸ್ಥಿರವಾಗಿ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಬೇಕು. ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಅದು ಭೂಮಿಯ ಜೊತೆಜೊತೆಗೇ ದಿನಕ್ಕೊಂದು ಸುತ್ತು ಹಾಕುತ್ತದೆ. ಹಾಗಾಗಿ ನೆಲದ ಮೇಲಿನವರಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಆದರೆ ಸೂರ್ಯ ಚಂದ್ರರ ಸೆಳೆತ ಅದನ್ನು ಉತ್ತರಕ್ಕೂ ದಕ್ಷಿಣಕ್ಕೂ ವಾಲಿಸುತ್ತದೆ. ಭೂಮಿ ಪೂರ್ತಿ ದುಂಡಗಿಲ್ಲದ ಕಾರಣ ಅದು ಪೂರ್ವಕ್ಕೋ ಪಶ್ಚಿಮಕ್ಕೋ ಜಾರುತ್ತಲೂ ಇರುತ್ತದೆ. ಅಗಲವಾದ ಸೌರಫಲಕಗಳ ಮೇಲೆ ಬೀಳುವ ಬಿಸಿಲು ಕೂಡ ಸ್ವಲ್ಪ ಸ್ವಲ್ಪವೇ ತಳ್ಳುತ್ತದೆ. ಜಾರಿದ್ದನ್ನು ಆಗಾಗ ಮರಳಿ ಜಾಗಕ್ಕೆ ತಂದು ನಿಲ್ಲಿಸುವ ಕೆಲಸ ಹಾಸನದಲ್ಲಿ ನಡೆಯುತ್ತದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿ 1982ರಿಂದ ಇದೆ.

ಈ ಕೆಲಸದ ಗುರುತು ಮೈಸೂರಿನ ದೇವರಾಜ ಮೊಹಲ್ಲಾದ ತಾರಸಿಗಳ ಮೇಲೆ ಕಣ್ಣಿಗೆ ಕಾಣುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲೋ ದೇವರಾಜ ಅರಸು ರಸ್ತೆಯಲ್ಲೋ ಯಾವುದಾದರೂ ಕಟ್ಟಡದ ಮೇಲೆ ಹತ್ತಿ ನೋಡಿದರೆ, ಒಂದೇ ಕಂಪನಿಯ ಟಿ.ವಿ. ಡಿಶ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹಕ್ಕೆ ಹೊಂದಿಸಿದ ಡಿಶ್ಶಿಗೆ ಮೈಸೂರಿನಲ್ಲಿ ಸಂಕೇತ ಬರುವುದು ದಕ್ಷಿಣದಿಂದ ತುಸು ಪೂರ್ವಕ್ಕೆ, ನೆಲದಿಂದ ಸುಮಾರು 74 ಡಿಗ್ರಿ ಮೇಲಿನಿಂದ. ಹೆಚ್ಚುಕಡಿಮೆ ನೆತ್ತಿಯ ಮೇಲಿನಿಂದಲೇ. ಡಿಶ್ ಕೂರಿಸುವ ಹುಡುಗ ಒಮ್ಮೆ ನಟ್ಟು ಬಿಗಿದು ಹೋದರೆ ಮುಗಿಯಿತು, ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಬೇಕಾಗಿಲ್ಲ. ಉಪಗ್ರಹ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟೂ ಆಚೀಚೆ ಹೋಗದಂತೆ ಹಾಸನದವರು ನೋಡಿಕೊಳ್ಳುವುದರಿಂದಲೇ ಅದು ಸಾಧ್ಯ. ಅದೇ 83 ಡಿಗ್ರಿಯಲ್ಲಿ ಜಿಸ್ಯಾಟ್-24 ಇದೆ, ಜಿಸ್ಯಾಟ್-30 ಕೂಡ ಇದೆ. ಒಂದೇ ವಠಾರದಲ್ಲಿರುವ ಇವು ಒಂದಕ್ಕೊಂದು ತಾಗದಂತೆಯೂ ಕಾಯಬೇಕು.

ಟಿ.ವಿ. ಕಣ್ಣಿಗೆ ಕಾಣುವ ಬಳಕೆ. ಕಾಣದ ಬಳಕೆ ಅದಕ್ಕಿಂತ ದೊಡ್ಡದು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ದಿಂಡು ಕೊಂಡವರು ಕ್ಯು.ಆರ್. ಕೋಡ್‌ಗೆ ಮೊಬೈಲ್ ಹಿಡಿದು ಹಣ ಕೊಡುವಾಗ, ಆ ಹಣ ಉಪಗ್ರಹದ ಮೂಲಕ ಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದು ಹೋಗುವುದು ಮೊಬೈಲ್ ಟವರ್ ಮತ್ತು ನೆಲದಡಿಯ ಕೇಬಲ್ ಮೂಲಕ. ಆದರೆ 4ಜಿ, 5ಜಿ ಜಾಲದ ಹಲವು ಟವರ್‌ಗಳಲ್ಲಿ ಕಳುಹಿಸುವುದೂ ಪಡೆಯುವುದೂ ಒಂದೇ ತರಂಗಾಂತರದಲ್ಲಿ, ಸರದಿಯ ಮೇಲೆ ನಡೆಯುತ್ತದೆ. ಅಕ್ಕಪಕ್ಕದ ಟವರ್‌ಗಳ ಗಡಿಯಾರಗಳು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂವರೆ ಪಾಲಿನೊಳಗೆ ತಾಳೆಯಾಗದಿದ್ದರೆ ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡಿ ಎಲ್ಲವೂ ಗೋಜಲಾಗುತ್ತದೆ. ಆ ಸಮಯವನ್ನು ಟವರ್‌ಗಳು ಸಾಮಾನ್ಯವಾಗಿ ಪಡೆಯುವುದು ಸಂಚರಣೆ ಉಪಗ್ರಹಗಳ ಪರಮಾಣು ಗಡಿಯಾರಗಳಿಂದ. ಮಾರುಕಟ್ಟೆಯ ಮುಂದಿನ ಡಫರಿನ್ ಗಡಿಯಾರ, ಊರಿನವರ ಬಾಯಲ್ಲಿ ಚಿಕ್ಕ ಗಡಿಯಾರ, ಒಂದು ಕಾಲದಲ್ಲಿ ಪೇಟೆಗೆಲ್ಲ ಹೊತ್ತು ತೋರಿಸುತ್ತಿತ್ತು. ಈಗ ಅದೇ ಪೇಟೆಯ ವ್ಯವಹಾರಕ್ಕೆ ಹೊತ್ತು ಹೇಳುವ ಗಡಿಯಾರ ಸಾವಿರಾರು ಕಿಲೋಮೀಟರ್ ಮೇಲಿದೆ.

ಆ ಗಡಿಯಾರ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಭಾರತ ಕಂಡಿದೆ. ನಮ್ಮದೇ ಸಂಚರಣೆ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹ ಐ.ಆರ್.ಎನ್.ಎಸ್.ಎಸ್.-1ಎ 2013ರಲ್ಲಿ ಹಾರಿತು. ಅದರ ಮೂರು ರುಬಿಡಿಯಂ ಗಡಿಯಾರಗಳೂ ಒಂದೊಂದಾಗಿ ನಿಂತುಹೋದವು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಉಪಗ್ರಹದಿಂದ ಅಳೆಯುವ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಮಾರುಕಟ್ಟೆಯೊಳಗೆ ನಿಂತವರನ್ನು ಇನ್ನಾವುದೋ ಬೀದಿಯಲ್ಲಿ ತೋರಿಸಲು ಅಷ್ಟು ಸಾಕು. ಬದಲಿಯಾಗಿ 2017ರ ಆಗಸ್ಟ್ 31ರಂದು ಹೊರಟ ಉಪಗ್ರಹ ರಾಕೆಟ್ಟಿನ ಶಾಖಕವಚ ಕಳಚಿಕೊಳ್ಳದೆ ಒಳಗೇ ಸಿಕ್ಕಿಕೊಂಡಿತು. ಮುಂದಿನ ವರ್ಷ ಇನ್ನೊಂದನ್ನು ಕಳುಹಿಸಬೇಕಾಯಿತು. ಸ್ವದೇಶಿ ಪರಮಾಣು ಗಡಿಯಾರ ಹೊತ್ತ ಎನ್.ವಿ.ಎಸ್.-01 ಮೇಲೇರಿದ್ದು 2023ರ ಮೇ 29ರಂದು. ಉಪಗ್ರಹದ ರಕ್ಷಣೆ ಎಂದರೆ ಮೊದಲು ಅದರ ಒಳಗಿನ ಅಂಗಾಂಗಗಳ ಆರೋಗ್ಯ. ಹೊರಗಿನ ಅಪಾಯದ ಮಾತು ಆಮೇಲಿನದು.

ಹೊರಗಿನ ಅಪಾಯ ಹೆಚ್ಚಿರುವುದು ಕೆಳಗಿನ ಕಕ್ಷೆಯಲ್ಲಿ, ಅಂದರೆ ನೆಲದಿಂದ ಸುಮಾರು 400 ರಿಂದ 1,000 ಕಿ.ಮೀ. ನಡುವೆ. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳು, ಗಗನಯಾತ್ರಿಗಳ ನಿಲ್ದಾಣಗಳು, ಇಂಟರ್‌ನೆಟ್ ಕೊಡುವ ಸಾವಿರಾರು ಸಣ್ಣ ಉಪಗ್ರಹಗಳು ಇರುವುದು ಅಲ್ಲೇ. ಅಲ್ಲಿನ ವೇಗ ಸೆಕೆಂಡಿಗೆ ಏಳೂವರೆ ಕಿ.ಮೀ. ಎದುರುಬದುರಾಗಿ ಬಂದರೆ ಡಿಕ್ಕಿಯ ವೇಗ ಅದಕ್ಕೂ ಹೆಚ್ಚು. ಒಂದು ಸೆಂಟಿಮೀಟರ್ ಅಡ್ಡಗಲದ, ಅಂದರೆ ದಪ್ಪ ಕಾಬೂಲಿ ಕಡಲೆಯಷ್ಟಿರುವ ಅಲ್ಯೂಮಿನಿಯಂ ಗುಂಡಿನ ತೂಕ ಒಂದೂವರೆ ಗ್ರಾಂ ಕೂಡ ಇರುವುದಿಲ್ಲ. ಅದು ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಬಡಿದರೆ, ಗಂಟೆಗೆ 40 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಬರುವ ಒಂದು ಟನ್ ತೂಕದ ಕಾರು ಗುದ್ದಿದಷ್ಟು ಪೆಟ್ಟು. ಆ ಪೆಟ್ಟೆಲ್ಲ ಬೀಳುವುದು ಬೆರಳ ತುದಿಯಷ್ಟು ಜಾಗದ ಮೇಲೆ. ಇಂಥ, ಒಂದರಿಂದ ಹತ್ತು ಸೆಂಟಿಮೀಟರ್ ಗಾತ್ರದ ಚೂರುಗಳು ಸುಮಾರು 12 ಲಕ್ಷ ಇವೆ ಎಂದು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ರೇಡಾರ್‌ಗಳ ಕಣ್ಣಿಗೆ ಬೀಳುವುದು ಬಹುಪಾಲು ಹತ್ತು ಸೆಂಟಿಮೀಟರಿಗಿಂತ ದೊಡ್ಡವು ಮಾತ್ರ. ಉಳಿದವು ಎಲ್ಲಿವೆ ಎಂದು ತಿಳಿಯದೆಯೇ ಉಪಗ್ರಹಗಳು ಅವುಗಳ ನಡುವೆ ಓಡಾಡುತ್ತಿವೆ.

2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ-33 ಮತ್ತು ಕೆಟ್ಟು ಬಿದ್ದಿದ್ದ ರಷ್ಯದ ಕಾಸ್ಮೋಸ್-2251 ಒಂದಕ್ಕೊಂದು ಡಿಕ್ಕಿ ಹೊಡೆದವು. ಎರಡು ಇದ್ದದ್ದು ಎರಡು ಸಾವಿರಕ್ಕೂ ಹೆಚ್ಚು ದೊಡ್ಡ ಚೂರುಗಳಾದವು. ಹೀಗೆ ಚೂರಿನಿಂದ ಡಿಕ್ಕಿ, ಡಿಕ್ಕಿಯಿಂದ ಮತ್ತಷ್ಟು ಚೂರು ಎಂಬ ಸರಪಳಿ ಹತ್ತಿಕೊಂಡರೆ ಇಡೀ ಕಕ್ಷೆಯೇ ಬಳಕೆಗೆ ಬಾರದಂತಾಗಬಹುದು ಎಂದು ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈ 1978ರಲ್ಲೇ ಬರೆದಿದ್ದರು. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳುವಾಗುವುದರಿಂದ ಕಸ ಕೆಳಗಿಳಿಯುವುದು ತಡವಾಗುತ್ತದೆ. 400 ಕಿ.ಮೀ.ಯಲ್ಲಿ ಬಿಟ್ಟದ್ದು ಕೆಲವೇ ವರ್ಷಗಳಲ್ಲಿ ಬಿದ್ದು ಸುಟ್ಟುಹೋಗುತ್ತದೆ. 800 ಕಿ.ಮೀ.ಯಲ್ಲಿ ಬಿಟ್ಟದ್ದು ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಸುತ್ತುತ್ತಿರುತ್ತದೆ.

ಈ ಕಸದಲ್ಲಿ ಭಾರತದ ಪಾಲೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2001ರ ಅಕ್ಟೋಬರ್ 22ರಂದು ಪಿ.ಎಸ್.ಎಲ್.ವಿ.-ಸಿ3 ರಾಕೆಟ್ ಮೂರು ಉಪಗ್ರಹಗಳನ್ನು ಸರಿಯಾಗಿಯೇ ಕಕ್ಷೆ ಸೇರಿಸಿತು. ಅದರ ಕೊನೆಯ ಹಂತ ಮಾತ್ರ ಖಾಲಿ ಪೀಪಾಯಿಯಂತೆ ಮೇಲೆಯೇ ಉಳಿದಿತ್ತು. ನಿಜವಾಗಿ ಅದು ಖಾಲಿಯಾಗಿರಲಿಲ್ಲ. ಉಳಿಕೆ ಇಂಧನವಿದ್ದ ಆ ಹಂತ ಡಿಸೆಂಬರ್ 19ರಂದು ಸಿಡಿದು ಮುನ್ನೂರಕ್ಕೂ ಹೆಚ್ಚು ತುಣುಕುಗಳಾಯಿತು. ಆ ಪಾಠದಿಂದ ಇಸ್ರೋ, ಕೆಲಸ ಮುಗಿದ ಕೊನೆಯ ಹಂತದಲ್ಲಿ ಉಳಿದ ಇಂಧನವನ್ನೂ ಒತ್ತಡದ ಅನಿಲವನ್ನೂ ಹೊರಬಿಟ್ಟು ಅದನ್ನು ನಿರಪಾಯ ಮಾಡುವ ಪದ್ಧತಿಯನ್ನು ರೂಢಿಗೆ ತಂದಿತು. ಅಡುಗೆಮನೆ ಬಿಟ್ಟು ಹೊರಡುವ ಮುನ್ನ ಗ್ಯಾಸ್ ಆಫ್ ಮಾಡುವಷ್ಟೇ ಸರಳವಾದ ಈ ಕ್ರಮ ಎಷ್ಟು ಸ್ಫೋಟಗಳನ್ನು ತಪ್ಪಿಸಿದೆಯೋ ಲೆಕ್ಕವಿಲ್ಲ.

2019ರ ಮಾರ್ಚ್ 27ರ ‘ಮಿಷನ್ ಶಕ್ತಿ’ ಬೇರೆಯೇ ಮಾತು. ಅಂದು ಭಾರತ ತನ್ನದೇ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆಯಿತು. ಕಸ ಬೇಗ ಬೀಳಲೆಂದೇ 300 ಕಿ.ಮೀ.ಗಿಂತ ತಗ್ಗಿನ ಕಕ್ಷೆಯನ್ನು ಆರಿಸಿಕೊಳ್ಳಲಾಗಿತ್ತು. ಎಲ್ಲ 45 ದಿನಗಳಲ್ಲಿ ಉದುರುತ್ತದೆ ಎಂದು ಹೇಳಲಾಗಿತ್ತು. ಬಹುಪಾಲು ಹಾಗೆಯೇ ಆಯಿತು. ಆದರೆ ಪೆಟ್ಟಿನ ರಭಸಕ್ಕೆ ಕೆಲವು ಚೂರುಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಿಂತಲೂ ಮೇಲೆ ಚಿಮ್ಮಿದವು. ಕಣ್ಗಾವಲಿನಲ್ಲಿದ್ದ ಕೊನೆಯ ತುಣುಕು ಬಿದ್ದದ್ದು 2022ರಲ್ಲಿ. ಚೀನಾ 2007ರಲ್ಲಿ ಸುಮಾರು 865 ಕಿ.ಮೀ. ಎತ್ತರದಲ್ಲಿ ಮಾಡಿದ ಇಂಥದೇ ಪರೀಕ್ಷೆಯ ಮೂರು ಸಾವಿರಕ್ಕೂ ಹೆಚ್ಚು ತುಣುಕುಗಳ ಮುಂದೆ ಇದು ಸಣ್ಣದು. ಆದರೂ ಅಂಥ ಪರೀಕ್ಷೆಗಳನ್ನು ನಿಲ್ಲಿಸೋಣ ಎಂಬ ನಿರ್ಣಯ 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ, 155 ದೇಶಗಳು ಪರವಾಗಿ ನಿಂತರೂ ಭಾರತ ಮತ ಹಾಕದೆ ಉಳಿಯಿತು. ಉಪಗ್ರಹಗಳ ಮೇಲೆ ಇಷ್ಟು ಅವಲಂಬಿತವಾದ ದೇಶ ಅಲ್ಲಿ ಸ್ಪಷ್ಟವಾಗಿ ಕೈ ಎತ್ತಬೇಕಿತ್ತು.

ಡಿಕ್ಕಿ ತಪ್ಪಿಸುವ ದೈನಂದಿನ ಕೆಲಸ ನಡೆಯುವುದು ಬೆಂಗಳೂರಿನ ಪೀಣ್ಯದಲ್ಲಿ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಯು.ಆರ್. ರಾವ್ ಅವರ ತಂಡ ಕಟ್ಟಿದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಈಗ ಅಲ್ಲಿ ಇಸ್ರೋದ ಜಾಡು ಹಿಡಿಯುವ ಜಾಲವಾದ ಇಸ್ಟ್ರಾಕ್ ಇದೆ. ಅದರ ಆವರಣದಲ್ಲಿ, ಬಾಹ್ಯಾಕಾಶದ ವಸ್ತುಗಳ ಮೇಲೆ ಕಣ್ಣಿಡುವ ‘ನೇತ್ರ’ ಯೋಜನೆಯ ನಿಯಂತ್ರಣ ಕೇಂದ್ರ 2020ರ ಡಿಸೆಂಬರಿನಲ್ಲಿ ಶುರುವಾಯಿತು. 2022ರ ಜುಲೈನಲ್ಲಿ ಸುರಕ್ಷಿತ ಬಾಹ್ಯಾಕಾಶ ಕಾರ್ಯಾಚರಣೆಗೆಂದೇ ಪ್ರತ್ಯೇಕ ವ್ಯವಸ್ಥೆಯೂ ಸೇರಿಕೊಂಡಿತು.

ಕೆಲಸ ಸಾಗುವ ಬಗೆ ಹೀಗೆ. ಅಮೆರಿಕದ ಬಾಹ್ಯಾಕಾಶ ಕಮಾಂಡ್, ಇಂಥ ಉಪಗ್ರಹದ ಹತ್ತಿರ ಇಂಥ ವಸ್ತು ಇಷ್ಟು ಗಂಟೆಗೆ ಹಾದುಹೋಗಲಿದೆ ಎಂಬ ಎಚ್ಚರಿಕೆ ಕಳುಹಿಸುತ್ತದೆ. ಭಾರತದ ಉಪಗ್ರಹ ಎಲ್ಲಿದೆ ಎಂಬುದು ಪೀಣ್ಯದವರಿಗೆ ಇನ್ನೂ ನಿಖರವಾಗಿ ಗೊತ್ತಿರುತ್ತದೆ, ಹಾಗಾಗಿ ಅವರು ಲೆಕ್ಕವನ್ನು ಹೊಸದಾಗಿ ಮಾಡುತ್ತಾರೆ. ಹೆಚ್ಚಿನ ಸಲ ಭಯ ಅಲ್ಲಿಗೇ ಕರಗುತ್ತದೆ. ಕರಗದಿದ್ದರೆ ಉಪಗ್ರಹವನ್ನು ಎಷ್ಟು ಸರಿಸಬೇಕು, ಸರಿಸಿದ ಹೊಸ ದಾರಿಯಲ್ಲಿ ಇನ್ನೊಂದು ಚೂರು ಎದುರಾಗುತ್ತದೆಯೇ, ಚಿತ್ರ ತೆಗೆಯುವ ಕೆಲಸ ಎಷ್ಟು ಕೆಡುತ್ತದೆ, ಎಷ್ಟು ಇಂಧನ ಖರ್ಚಾಗುತ್ತದೆ ಎಂದೆಲ್ಲ ನೋಡಿ ಆಜ್ಞೆ ಕಳುಹಿಸುತ್ತಾರೆ. 2023ರಲ್ಲಿ ಬಂದ ಎಚ್ಚರಿಕೆಗಳು ಸುಮಾರು ಒಂದು ಲಕ್ಷ. ಕೆಳಕಕ್ಷೆಯ ಉಪಗ್ರಹಗಳಿಗೆ ಒಂದು ಕಿ.ಮೀ.ಗಿಂತ ಹತ್ತಿರ ಎನಿಸಿದವು ಮೂರು ಸಾವಿರಕ್ಕೂ ಹೆಚ್ಚು. ಕೊನೆಗೆ ನಿಜವಾಗಿ ಉಪಗ್ರಹ ಸರಿಸಬೇಕಾಗಿ ಬಂದದ್ದು 23 ಸಲ. ರಾಶಿ ಜೊಳ್ಳಿನಲ್ಲಿ ಈ 23 ಕಾಳನ್ನು ತಪ್ಪದೆ ಹೆಕ್ಕುವುದೇ ಅಲ್ಲಿನವರ ಕಸುಬು. ಒಂದನ್ನು ಕಡೆಗಣಿಸಿದರೆ ಉಪಗ್ರಹವೇ ಹೋಗಬಹುದು. ಎಲ್ಲದಕ್ಕೂ ಬೆದರಿ ಸರಿಸುತ್ತ ಕೂತರೆ ಇಂಧನ ಮುಗಿದು ಅದರ ಆಯುಷ್ಯವೇ ಕಡಿಮೆಯಾಗುತ್ತದೆ. ರಾಕೆಟ್ ಹೊರಡುವ ಮುಹೂರ್ತವನ್ನೂ ಇದೇ ಲೆಕ್ಕ ತಿದ್ದುತ್ತದೆ: 2023ರ ಜುಲೈ 14ರಂದು ದೇಶವೆಲ್ಲ ಉಸಿರು ಬಿಗಿಹಿಡಿದು ನೋಡಿದ ಚಂದ್ರಯಾನ-3ರ ಉಡಾವಣೆಯನ್ನು ಹಾದಿಯಲ್ಲಿನ ವಸ್ತುಗಳನ್ನು ತಪ್ಪಿಸಲೆಂದು ನಾಲ್ಕು ಸೆಕೆಂಡು ಮುಂದೂಡಲಾಗಿತ್ತು.

ಕೆಲಸ ಮುಗಿಸಿದ ಉಪಗ್ರಹವನ್ನು ಏನು ಮಾಡಬೇಕು ಎಂಬುದೇ ಈ ವಿಷಯದ ತಿರುಳು. ಅದಕ್ಕೆ ಮೇಘಾ-ಟ್ರಾಪಿಕ್ಸ್-1ಕ್ಕಿಂತ ಒಳ್ಳೆಯ ಉದಾಹರಣೆ ಭಾರತದಲ್ಲಿ ಇಲ್ಲ. ಉಷ್ಣವಲಯದ ಮಳೆ, ಮೋಡಗಳ ಅಧ್ಯಯನಕ್ಕೆ ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿ.ಎನ್.ಇ.ಎಸ್. ಜೊತೆಗೂಡಿ 2011ರ ಅಕ್ಟೋಬರ್ 12ರಂದು ಹಾರಿಸಿದ ಸುಮಾರು ಒಂದು ಟನ್ ತೂಕದ ಉಪಗ್ರಹ ಅದು. ಸುಮಾರು 867 ಕಿ.ಮೀ. ಎತ್ತರದಲ್ಲಿತ್ತು. ಹಾಗೆಯೇ ಬಿಟ್ಟಿದ್ದರೆ ತಾನಾಗಿ ಕೆಳಗೆ ಬೀಳಲು ನೂರು ವರ್ಷಕ್ಕೂ ಹೆಚ್ಚು ಬೇಕಿತ್ತು. ಅದರ ಟ್ಯಾಂಕಿನಲ್ಲಿ ಇನ್ನೂ ಸುಮಾರು 125 ಕೆ.ಜಿ. ಇಂಧನ ಉಳಿದಿತ್ತು. ಆ ಇಂಧನವನ್ನು ಉಪಗ್ರಹವನ್ನೇ ಕೆಳಗಿಳಿಸಲು ಬಳಸೋಣ ಎಂದು ನಿರ್ಧಾರವಾಯಿತು. ಹಾಗೆ ಇಳಿಸಬೇಕೆಂದು ಯೋಚಿಸಿ ಕಟ್ಟಿದ ಉಪಗ್ರಹ ಅದಲ್ಲ. ಕಷ್ಟ ಇದ್ದದ್ದು ಅಲ್ಲೇ. ಬರಬರುತ್ತ ಗಾಳಿ ದಟ್ಟವಾಗಿ ಉಪಗ್ರಹವನ್ನು ಅಲುಗಿಸುತ್ತದೆ, ಬಿಸಿ ಏರುತ್ತದೆ, ನೆಲದ ಕೇಂದ್ರಗಳಿಗೆ ಅದು ಕಾಣುವ ಹೊತ್ತು ಕಡಿಮೆಯಾಗುತ್ತದೆ.

2022ರ ಆಗಸ್ಟಿನಿಂದ ಒಂದೊಂದೇ ಮೆಟ್ಟಿಲಂತೆ ಸುಮಾರು ಇಪ್ಪತ್ತು ಬಾರಿ ಕಕ್ಷೆಯನ್ನು ತಗ್ಗಿಸಿದರು. ಬೀಳಿಸಲು ಶಾಂತಸಾಗರದಲ್ಲಿ ಜನವಸತಿಯಿಲ್ಲದ ಒಂದು ಪಟ್ಟಿಯನ್ನು ಆರಿಸಿದರು. 2023ರ ಮಾರ್ಚ್ 7ರಂದು ಭಾರತೀಯ ಕಾಲಮಾನ ಸಂಜೆ 4.32ಕ್ಕೆ ಒಮ್ಮೆ, 6.21ಕ್ಕೆ ಮತ್ತೊಮ್ಮೆ, ತಲಾ 11 ನ್ಯೂಟನ್ ಬಲದ ನಾಲ್ಕು ಥ್ರಸ್ಟರ್‌ಗಳನ್ನು ಸುಮಾರು ಇಪ್ಪತ್ತು ನಿಮಿಷ ಉರಿಸಲಾಯಿತು. ನಾಲ್ಕೂ ಸೇರಿ ಕೊಡುವ ತಳ್ಳು, ನಾಲ್ಕೂವರೆ ಕೆ.ಜಿ. ಅಕ್ಕಿಯ ಚೀಲವನ್ನು ಎತ್ತಿ ಹಿಡಿಯಲು ಬೇಕಾದಷ್ಟು ಮಾತ್ರ. ಅಷ್ಟು ಮೆಲ್ಲಗಿನ ತಳ್ಳಿನಿಂದ, ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುವ ಒಂದು ಟನ್ ವಸ್ತುವನ್ನು ಸಾಗರದ ಲೆಕ್ಕ ಹಾಕಿದ ಪಟ್ಟಿಯಲ್ಲೇ ಬೀಳಿಸಿದರು. ಚಂದ್ರನ ಮೇಲೆ ಇಳಿದ ದಿನ ಹಂಚಿದ ಸಿಹಿಯಲ್ಲಿ ಒಂದು ಪಾಲು ಈ ಸಂಜೆಗೂ ಸಲ್ಲಬೇಕಿತ್ತು.

ಅದಾದ ಮೇಲೆ 2007ರ ಕಾರ್ಟೋಸ್ಯಾಟ್-2 ಉಪಗ್ರಹ 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಬಂದು ಉರಿದುಹೋಯಿತು. ಉಳಿದ ಇಂಧನದಿಂದ ಅದರ ಕಕ್ಷೆಯನ್ನು ಮೊದಲೇ ತಗ್ಗಿಸಿರದಿದ್ದರೆ ಸುಮಾರು 30 ವರ್ಷ ಹಿಡಿಯುತ್ತಿತ್ತು. 2024ರ ಜನವರಿ 1ರಂದು ಹಾರಿದ ಪಿ.ಎಸ್.ಎಲ್.ವಿ.-ಸಿ58ರ ಕೊನೆಯ ಹಂತವನ್ನು 650 ಕಿ.ಮೀ.ಯಿಂದ 350ಕ್ಕೆ ಇಳಿಸಿ, ಕೆಲ ದಿನ ಪ್ರಯೋಗಶಾಲೆಯಾಗಿ ದುಡಿಸಿಕೊಂಡರು. ಮಾರ್ಚ್ 21ರ ಹೊತ್ತಿಗೆ ಅದೂ ವಾತಾವರಣ ಸೇರಿತು.

ಭೂಸ್ಥಿರ ಕಕ್ಷೆಯಿಂದ ಹೀಗೆ ಕೆಳಗೆ ತರುವಷ್ಟು ಇಂಧನ ಯಾವ ಉಪಗ್ರಹದಲ್ಲೂ ಉಳಿಯುವುದಿಲ್ಲ. ಅವನ್ನು ಇನ್ನೂ ಸುಮಾರು 300 ಕಿ.ಮೀ. ಮೇಲೆ, ‘ಸ್ಮಶಾನ ಕಕ್ಷೆ’ ಎನ್ನುವ ಜಾಗಕ್ಕೆ ಸಾಗಿಸುತ್ತಾರೆ. ಮೈಸೂರು ಸೀಮೆಗೆ ಹತ್ತಿರದ ಒಂದು ಉಪಗ್ರಹ ಅಲ್ಲಿ ಇದೆ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಮೊದಲ ಪಾಠ ತಲುಪಿಸಿತು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ಡಿಶ್, ಟಿ.ವಿ. ಇಟ್ಟು ಕನ್ನಡದಲ್ಲೇ ಪಾಠ ಮಾಡಿತು. 2010ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾಗಿ ಮೇಲಿನ ಕಕ್ಷೆಗೆ ಸೇರಿತು. ಖಾಲಿಯಾದ ಸ್ಥಾನ ಮುಂದಿನವುಗಳಿಗೆ ಸಿಕ್ಕಿತು.

ಸೂರ್ಯನ ಕಾಟ ಬೇರೆ ಬಗೆಯದು. ಸೌರಸ್ಫೋಟದ ಕಣಗಳು ಬಂದಾಗ ಉಪಗ್ರಹದ ಎಲೆಕ್ಟ್ರಾನಿಕ್ಸ್‌ಗೆ ಪೆಟ್ಟಾಗುತ್ತದೆ. ಮೇಲ್ವಾತಾವರಣ ಬಿಸಿಯಾಗಿ ಉಬ್ಬಿ, ಕೆಳಕಕ್ಷೆಯ ಉಪಗ್ರಹಗಳನ್ನು ಹಿಡಿದೆಳೆಯುತ್ತದೆ. 2022ರ ಫೆಬ್ರವರಿಯಲ್ಲಿ ಒಂದೇ ಸಲ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೀಗೆಯೇ ಬಿದ್ದುಹೋದವು. 2024ರ ಮೇ 10 ಮತ್ತು 11ರಂದು ಎರಡು ದಶಕಗಳಲ್ಲೇ ಅತಿ ಬಲವಾದ ಸೌರ ಬಿರುಗಾಳಿ ಬಂತು. ಲಡಾಖ್‌ನ ಹಾನ್ಲೆಯ ಆಕಾಶ ಕೆಂಪಾಯಿತು. ಸಾಮಾನ್ಯವಾಗಿ ದಿನಕ್ಕೆ 35–40 ಮೀಟರ್ ಇಳಿಯುವ ಕಾರ್ಟೋಸ್ಯಾಟ್-2ಎಫ್ ಆ ಮೇ 11ರಂದು 180 ಮೀಟರ್ ಇಳಿಯಿತು. ಇಂಥ ಸುಳಿವು ಮೊದಲೇ ಸಿಗಲೆಂದು 15 ಲಕ್ಷ ಕಿ.ಮೀ. ದೂರದಲ್ಲಿ ಆದಿತ್ಯ-ಎಲ್1 ಸೂರ್ಯನತ್ತ ಕಣ್ಣು ನೆಟ್ಟು ನಿಂತಿದೆ. ಸೂರ್ಯನ ಪ್ರಭಾವಲಯ ನೋಡುವ ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ.

ಮೇಲಿನ ಕಸ ಎಲ್ಲವೂ ಮೇಲೆಯೇ ಸುಡುವುದಿಲ್ಲ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆಂಬ ಸುದ್ದಿಗೆ ಭಾರತದ ಊರೂರೇ ಹೆದರಿದ್ದು ಹಿರಿಯರಿಗೆ ನೆನಪಿದೆ. ಅದು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಬಿತ್ತು. ಅದು ಚೀನಾದ ರಾಕೆಟ್ಟಿನದೆಂದು ತಜ್ಞರು ಗುರುತಿಸಿದರು. 2023ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲತೀರಕ್ಕೆ ತೇಲಿಬಂದದ್ದು ಭಾರತದ ಪಿ.ಎಸ್.ಎಲ್.ವಿ.ಯ ಮೂರನೇ ಹಂತದ ಭಾಗ. ಇಂಥ ವಸ್ತು ಸಿಕ್ಕರೆ ಕೈಯಲ್ಲಿ ಮುಟ್ಟಬಾರದು. ಕೆಲವದರಲ್ಲಿ ಹೈಡ್ರಜೀನ್‌ನಂಥ ವಿಷದ ಇಂಧನ ಉಳಿದಿರಬಹುದು. ದೂರ ನಿಂತು ಪೊಲೀಸರಿಗೆ ತಿಳಿಸಬೇಕು. ನೆಲದ ಮೇಲೆ ಹಾನಿಯಾದರೆ ಉಡಾಯಿಸಿದ ದೇಶವೇ ಪರಿಹಾರ ಕೊಡಬೇಕೆಂದು 1972ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. 1978ರಲ್ಲಿ ಕೆನಡಾದ ಮೇಲೆ ಪರಮಾಣು ಇಂಧನವಿದ್ದ ಕಾಸ್ಮೋಸ್-954 ಬಿದ್ದಾಗ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ತೆತ್ತಿತು.

ಉಪಗ್ರಹಕ್ಕೆ ತಾಗದೆಯೇ ಅದನ್ನು ಕೆಡಿಸುವ ದಾರಿಗಳೂ ಇವೆ. 2022ರ ಫೆಬ್ರವರಿ 24ರಂದು, ಉಕ್ರೇನ್ ಯುದ್ಧ ಶುರುವಾದ ದಿನ, ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಮೇಲೆ ಸೈಬರ್ ದಾಳಿಯಾಯಿತು. ಮೇಲಿನ ಉಪಗ್ರಹಕ್ಕೆ ಏನೂ ಆಗಲಿಲ್ಲ. ಮನೆಗಳಲ್ಲಿದ್ದ ಮೋಡೆಂಗಳು ಸತ್ತುಹೋದವು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳಿಗೆ ದೂರದಿಂದ ನಿಗಾ ಇಡುವ ಸಂಪರ್ಕ ಕಡಿದುಹೋಯಿತು. ಹಾಸನ, ಪೀಣ್ಯಗಳ ಆಂಟೆನಾಗಳಿಗೂ ಕಂಪ್ಯೂಟರ್‌ಗಳಿಗೂ ಉಪಗ್ರಹದಷ್ಟೇ ಕಾವಲು ಬೇಕು ಎನ್ನುವುದು ಇದರಿಂದಲೇ.

2024ರ ಏಪ್ರಿಲಿನಲ್ಲಿ ಹಲವು ದೇಶಗಳ ಬಾಹ್ಯಾಕಾಶ ಸಂಸ್ಥೆಗಳ ಕಸ ಸಮನ್ವಯ ಸಮಿತಿ ಬೆಂಗಳೂರಿನಲ್ಲಿ ಸೇರಿದಾಗ, 2030ರ ಹೊತ್ತಿಗೆ ಭಾರತದ ಸರ್ಕಾರಿ, ಖಾಸಗಿ ಯಾವ ಯೋಜನೆಯೂ ಮೇಲೆ ಕಸ ಬಿಡಬಾರದು ಎಂಬ ಗುರಿಯನ್ನು ಇಸ್ರೋ ಘೋಷಿಸಿತು. ಇಸ್ರೋ ತನ್ನ ಮಾತನ್ನು ಉಳಿಸಿಕೊಳ್ಳುವ ದಾರಿ ಮೇಘಾ-ಟ್ರಾಪಿಕ್ಸ್‌ನಲ್ಲಿ ಕಂಡಿದೆ. ಸಣ್ಣ ಖಾಸಗಿ ಉಪಗ್ರಹಗಳ ಪಾಡು ಬೇರೆ. ಥ್ರಸ್ಟರೇ ಇಲ್ಲದ ಪುಟ್ಟ ಉಪಗ್ರಹಕ್ಕೆ ಕೆಳಗಿಳಿಯಲು ಗಾಳಿಯೇ ಗತಿ. ಅಂಥವನ್ನು ಎಷ್ಟು ಎತ್ತರಕ್ಕೆ ಬಿಡಬಹುದು ಎಂಬುದನ್ನು ಅನುಮತಿ ಕೊಡುವ ಹಂತದಲ್ಲೇ ಕಟ್ಟುನಿಟ್ಟಾಗಿ ನೋಡಬೇಕಾಗುತ್ತದೆ.

ಕಣ್ಣಿನ ಕೊರತೆ ಇನ್ನೂ ಇದೆ. ಶ್ರೀಹರಿಕೋಟಾದ ರೇಡಾರ್ 1,000 ಕಿ.ಮೀ. ದೂರದಲ್ಲಿ ಅರ್ಧ ಮೀಟರ್ ಗಾತ್ರದ ವಸ್ತುವನ್ನು ಕಾಣಬಲ್ಲದು. ಅಪಾಯಕಾರಿ ಚೂರುಗಳಲ್ಲಿ ಹೆಚ್ಚಿನವು ಅದಕ್ಕಿಂತ ಸಣ್ಣವು. ಅವನ್ನು ಹಿಡಿಯಲು ಅಸ್ಸಾಮಿನಲ್ಲಿ ದೊಡ್ಡ ರೇಡಾರ್, ಲಡಾಖ್‌ನಲ್ಲಿ ದೂರದರ್ಶಕ ‘ನೇತ್ರ’ದ ಯೋಜನೆಯಲ್ಲಿವೆ. ಬೆಂಗಳೂರಿನ ದಿಗಂತರ ಕಂಪನಿ 2025ರ ಜನವರಿಯಲ್ಲಿ, ಕಕ್ಷೆಯಲ್ಲೇ ಇದ್ದು ಇತರ ವಸ್ತುಗಳನ್ನು ನೋಡುವ ಒಂದು ಉಪಗ್ರಹವನ್ನು ಮೇಲೆ ಕಳುಹಿಸಿದೆ. ಇವೆಲ್ಲ ಸೇರಿ ದೇಶದ್ದೇ ಪಟ್ಟಿಯೊಂದು ಸಿದ್ಧವಾಗುವವರೆಗೆ, ಪೀಣ್ಯದ ಲೆಕ್ಕ ಪ್ರತಿದಿನ ಶುರುವಾಗುವುದು ಅಮೆರಿಕದಿಂದ ಬರುವ ಎಚ್ಚರಿಕೆಯ ಪಟ್ಟಿಯಿಂದಲೇ.